ಒಂಟಿ ಪಿಟೀಲಿನ ಆರನೆಯ ಸುರುಳಿ

ಮೊದಲೇ ಹೇಳಿಬಿಡುತ್ತೇನೆ ಕ್ಲಾರಮ್ಮ, ನನ್ನ ಎರಡು ಕಿವಿಗಳ ಮೇಲೆ ಆಣೆ, ಇವತ್ತು ನಾನು ಹೇಳುವುದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ನಿನ್ನೆ ಹೇಳಿದ್ದು ಸುಳ್ಳು. ನಿಮ್ಮ ದೊಡ್ಡಮ್ಮ ನಿಮಗೆ ಬಿಟ್ಟುಹೋದ ಆರು ಟೇಪು ಸುರುಳಿಗಳಲ್ಲಿ ಐದರಲ್ಲಿ ಪಿಟೀಲು ಇದೆ, ಆರನೆಯದರಲ್ಲಿ ಏನೂ ಇಲ್ಲ, ಯಾಕೆ ಅಂತ ನೀವು ಬಂದು ಕೇಳಿದಿರಿ. ಗೆದ್ದಲು ತಿಂದಿರಬೇಕು ಅಂದೆ. ಗೆದ್ದಲು ಸುರುಳಿಯನ್ನು ಹಾಗೇ ಬಿಟ್ಟು ಒಳಗಿನ ಪಿಟೀಲು ಮಾತ್ರ ತಿನ್ನುವುದಿಲ್ಲ ಅಂತ ನಿಮಗೂ ಗೊತ್ತಿತ್ತು. ಆದರೂ ಹಿರಿಯ ಅಂತ ಮರ್ಯಾದೆ ಕೊಟ್ಟು ತಲೆ ಆಡಿಸಿ ಹೋದಿರಿ. ನೀವು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ತಲೆ ಆಡಿಸಿದ್ದನ್ನು ತಡೆಯಲಾಗಲಿಲ್ಲ. ಅದಕ್ಕೇ ಹೇಳಿಕಳಿಸಿದ್ದು. ಕೂತುಕೊಳ್ಳಿ. ಫೋನು ತೆಗೆದು ಮೇಜಿನ ಮೇಲಿಡಿ, ರೆಕಾರ್ಡು ಮಾಡುವ ಕೆಂಪು ಗುಂಡಿ ಒತ್ತಿ. ನಾನು ಮುಗಿಯಿತು ಅನ್ನುವವರೆಗೂ ಅದನ್ನು ನಿಲ್ಲಿಸಬಾರದು. ನನ್ನದು ಅದೊಂದೇ ಷರತ್ತು.

ನೀವು ಹತ್ತೊಂಬತ್ತಕ್ಕೇ ಊರು ಬಿಟ್ಟವರು, ಮರೆತಿದ್ದರೆ ನೆನಪಿಸುತ್ತೇನೆ. ನಮ್ಮೂರಲ್ಲಿ ಒಂದು ಸದ್ದು ಮಿಷನ್ನಿನೊಳಗೆ ಹೋಯಿತೆಂದರೆ ಅದರ ಒಡೆಯನ ಹತ್ತಿರ ಮತ್ತೆ ಇರುವುದಿಲ್ಲ. ಸುರುಳಿ ತಿರುಗಿಸಿ ಎಷ್ಟು ಸಲ ಬೇಕಾದರೂ ಕೇಳಬಹುದು, ಹುಟ್ಟಿದ ಜಾಗದಿಂದ ಮಾತ್ರ ಅದು ಬರುವುದಿಲ್ಲ. ಬೇರೆ ಊರುಗಳಲ್ಲಿ ಒಂದೇ ಸದ್ದು ಮನುಷ್ಯನಲ್ಲೂ ಇರುತ್ತದೆ, ಮಿಷನ್ನಲ್ಲೂ ಇರುತ್ತದೆ ಅಂತ ಕೇಳಿದ್ದೇನೆ. ನಾನು ನಂಬಿಲ್ಲ. ಒಂದೇ ಹಸು ಎರಡು ಕೊಟ್ಟಿಗೆಯಲ್ಲಿ ಕಟ್ಟಿಹಾಕಿಸಿಕೊಂಡಿರುತ್ತದೆಯೆ?

ನಮ್ಮಪ್ಪನ ಕಾಲದಿಂದಲೂ ನಮ್ಮದು ಸದ್ದು ತೆಗೆಯುವ ಅಂಗಡಿ. ಹಲ್ಲು ಕೀಳಿಸಿಕೊಳ್ಳಲು ಹೋಗುವ ಹಾಗೆ ಜನ ಇಲ್ಲಿಗೆ ಬರುತ್ತಿದ್ದರು. ಗಂಡನ ಗೊರಕೆ ತೆಗೆಸಲು ಹೆಂಡತಿ, ಹೆಂಡತಿಯ ನಿಟ್ಟುಸಿರು ತೆಗೆಸಲು ಗಂಡ. ಬಾಗಿಲು ಕಿರುಗುಟ್ಟಿದರೆ ಬೇರೆಯವರು ಎಣ್ಣೆ ಬಿಡುತ್ತಾರೆ, ನಮ್ಮವರು ನನ್ನನ್ನು ಕರೆಯುತ್ತಿದ್ದರು. ನನ್ನ ಗೇಟನ್ನೇ ನೋಡಿ, ಮೂವತ್ತು ವರ್ಷದ ಹಿಂದೆ ಅದರ ಸದ್ದು ತೆಗೆದೆ. ಅಂದಿನಿಂದ ಯಾರು ಬಂದರು, ಯಾರು ಹೋದರು ನನಗೆ ಗೊತ್ತಾಗುವುದಿಲ್ಲ. ಪುರಸಭೆ ಅಧ್ಯಕ್ಷರು ನೀರಿನ ಟ್ಯಾಂಕು ಕಟ್ಟಿಸುತ್ತೇನೆ ಅಂತ ಮಾಡುತ್ತಿದ್ದ ಭಾಷಣವನ್ನು ಅವರ ವಿರೋಧಿಗಳು ಒಮ್ಮೆ ಕಳ್ಳತನದಲ್ಲಿ ರೆಕಾರ್ಡು ಮಾಡಿಸಿದರು. ಮುಂದಿನ ಚುನಾವಣೆಗೆ ಆ ಭಾಷಣ ಬಾಯಿಗೆ ಬರಲೇ ಇಲ್ಲ. ಬೇರೆ ದಾರಿ ಕಾಣದೆ ಪಾಪ ಟ್ಯಾಂಕನ್ನೇ ಕಟ್ಟಿಸಬೇಕಾಯಿತು. ಮದುವೆ ಮನೆಯಲ್ಲಿ, ತೊಟ್ಟಿಲ ಹತ್ತಿರ ಮಾತ್ರ ನಾವು ಮಿಷನ್ನು ಬಿಡುತ್ತಿರಲಿಲ್ಲ. ಹೊರಗಿನಿಂದ ಬಂದ ನೆಂಟನೊಬ್ಬ ಪ್ರೀತಿಯಿಂದ ಬಾಣಂತಿಯ ಜೋಗುಳ ಹಿಡಿದುಕೊಂಡು ಹೋದ. ಆಮೇಲೆ ಆ ತಾಯಿ ಮಗುವಿಗೆ ಜೋಗುಳವನ್ನು ಮಾತಲ್ಲಿ ಹೇಳಿ ಮಲಗಿಸಬೇಕಾಯಿತು, ಪಂಚಾಯ್ತಿ ನೋಟೀಸು ಓದಿದ ಹಾಗೆ. ಆ ಮಗುವಿಗೆ ಈಗ ನಲವತ್ತು ವರ್ಷ. ನಿದ್ದೆ ಇಲ್ಲ. ಕಚೇರಿಯಲ್ಲಿ ಮಾತ್ರ ಸ್ವಲ್ಪ ಬರುತ್ತದಂತೆ.

ಇನ್ನೊಂದು ವಿಷಯ, ಇದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ. ಸೊಪ್ಪು ಮಾರುವ ಬೋರಮ್ಮ ಅಕ್ಕ ಸತ್ತಾಗ ತನ್ನ ಅಳು ತೆಗೆಸಲು ಬಂದಳು. ಅರ್ಧ ಅತ್ತಾಗ ಕರೆಂಟು ಹೋಯಿತು. ಕರೆಂಟು ಬರುವಷ್ಟರಲ್ಲಿ ಮೊದಲರ್ಧ ಸುರುಳಿಯಲ್ಲಿತ್ತು, ಉಳಿದರ್ಧ ಅವಳಲ್ಲೇ ಸಿಕ್ಕಿಕೊಂಡಿತ್ತು. ಶುರು ಇಲ್ಲದ ಅಳು, ಯಾವಾಗ ಬೇಕಾದರೂ ನಡುವಿನಿಂದಲೇ ಬರುವುದು. ಮೆಂತ್ಯದ ಕಟ್ಟು ಕೈಗೆ ಕೊಡುತ್ತಾ ಕೊಡುತ್ತಾ ಬಿಕ್ಕುವಳು. ಸಾಯುವವರೆಗೂ ಅದು ಮುಗಿಯಲಿಲ್ಲ. ಪೂರ್ತಿ ಇಟ್ಟುಕೊಂಡವರು ಹೇಗೋ ಬದುಕುತ್ತಾರೆ, ಪೂರ್ತಿ ಕೊಟ್ಟವರೂ ಬದುಕುತ್ತಾರೆ. ಅರ್ಧ ಕೊಟ್ಟವರ ಕಷ್ಟ ಯಾರಿಗೂ ಬೇಡ.

ಈಗ ನಿಮ್ಮ ದೊಡ್ಡಮ್ಮನ ವಿಷಯ. ಎಮಿಲ್ಡಾ ಟೀಚರ್ ಅಂದರೆ ನಮ್ಮ ಬೀದಿಗೆ ಗಡಿಯಾರ ಇದ್ದ ಹಾಗೆ. ಕಾನ್ವೆಂಟಿನಿಂದ ಮೂರೂವರೆಗೆ ಬಂದು, ಮುಖ ತೊಳೆದು, ನಾಲ್ಕಕ್ಕೆ ಸರಿಯಾಗಿ ನಮ್ಮ ಅಂಗಡಿಯ ಎದುರಿಗೇ ಮಹಡಿ ಕಿಟಕಿ ತೆರೆದು ಪಿಟೀಲು ಹಿಡಿಯುತ್ತಿದ್ದರು. ದೂರದೇಶದ ಯಾವನೋ ಪುಣ್ಯಾತ್ಮ ಒಂಟಿ ಪಿಟೀಲಿಗೆಂದೇ ಸೊನಾಟಾ ಅನ್ನುವ ಆರು ಕೃತಿ ಬರೆದಿಟ್ಟಿದ್ದನಂತೆ. ಜೊತೆಗೆ ಮೃದಂಗ ಇಲ್ಲ, ತಂಬೂರಿ ಇಲ್ಲ, ನುಡಿಸುವವರ ಪಾಡು ನುಡಿಸುವವರಿಗೆ. "ನಾಲ್ಕು ಜನ ಕಿತ್ತಾಡೋದನ್ನ ಒಂದೇ ಬಾಯಲ್ಲಿ ಹೇಳಿದ ಹಾಗೆ ದ್ಯಾವಪ್ಪ, ಯಾರ ಮಾತೂ ಬಿಟ್ಟುಹೋಗ್ಬಾರ್ದು" ಅನ್ನುತ್ತಿದ್ದರು. ಸೋಮವಾರ ಮೊದಲನೆಯದು, ಮಂಗಳವಾರ ಎರಡನೆಯದು, ಹೀಗೆ ಶನಿವಾರಕ್ಕೆ ಆರು. ಭಾನುವಾರ ಚರ್ಚು. ನಮ್ಮ ಬೀದಿಯ ಹೆಂಗಸರು ಕ್ಯಾಲೆಂಡರು ನೋಡುತ್ತಿರಲಿಲ್ಲ. ಮೂರನೆಯದು ಕೇಳಿದರೆ ಬುಧವಾರ, ನಲ್ಲಿ ನೀರು ಬರುವ ದಿನ, ಕೊಡ ಎತ್ತಿಕೊಂಡು ಹೊರಡುವರು. ನೀವು ಅವರ ಮನೆಯಲ್ಲಿದ್ದಾಗ ಐದನ್ನು ಕಲಿತಿರಿ. ಆರನೆಯದು ಆಗ ಅವರಿಗೇ ಬರುತ್ತಿರಲಿಲ್ಲ. ನೀವು ಹೋದ ಮೇಲೆ ಮೂರು ವರ್ಷ ಒದ್ದಾಡಿ ಕಲಿತರು. ನೀವು ಶನಿವಾರಗಳನ್ನು ಕೇಳಿದವರಲ್ಲ ಕ್ಲಾರಮ್ಮ, ಅದಕ್ಕೇ ಹೇಳುತ್ತೇನೆ.

ಆರನೆಯದರ ನಡುವೆ ಒಂದು ಜಾಗ ಇದೆ. ಪಿಟೀಲು ಮೇಲಕ್ಕೆ ಹತ್ತಿ, ಇನ್ನೂ ಹತ್ತಿ, ಇನ್ನೇನು ಬೀಳುತ್ತದೆ ಅನ್ನುವಾಗ ಕಮಾನು ತಂತಿ ಬಿಟ್ಟು ಏಳುತ್ತದೆ. ಏನೂ ಇಲ್ಲ. ಒಂದು ಉಸಿರಿನಷ್ಟು ಹೊತ್ತು ಬರೀ ಬೀದಿ. ಆಮೇಲೆ ಕೆಳಗಿನ ದಪ್ಪ ತಂತಿಯಿಂದ ಮತ್ತೆ ಶುರು. ನನ್ನ ಹೆಂಡತಿ ಕೆಂಪಾಜಮ್ಮನಿಗೆ ಆಗ ಕೆಮ್ಮು. ಸಂಗೀತ ಅವಳಿಗೆ ತಿಳಿಯದು, ಆದರೆ ನುಡಿಸುವಾಗ ಕೆಮ್ಮಬಾರದು ಅಂತ ತಿಳಿಯುತ್ತಿತ್ತು. ಸೆರಗು ಬಾಯಿಗೆ ಒತ್ತಿಕೊಂಡು ಕಾದಿದ್ದು, ಸರಿಯಾಗಿ ಆ ಜಾಗದಲ್ಲಿ ಮೂರು ಸಲ ಕೆಮ್ಮುವಳು. ಮೇಲೆ ಟೀಚರ್ ಅದು ಮುಗಿಯಲಿ ಅಂತ ಕಮಾನು ಎತ್ತಿಕೊಂಡೇ ಕಾಯುವರು. ಒಂದು ದಿನ ತರಕಾರಿ ಗಾಡಿಯ ಹತ್ತಿರ ಟೀಚರ್ ಅಂದರು, "ಕೆಂಪಾಜಮ್ಮ, ನೀವೊಂದ್ಸಲಾನೂ ತಾಳ ತಪ್ಪಿಲ್ಲ ನೋಡಿ." ಇವಳು ನಾಚಿ ಬದನೆಕಾಯಿಗೆ ಹೇಳಿದಳು, "ಎಂತ ತಾಳನೋ ಟೀಚರ್, ಗಂಟ್ಲು ತಡೀಬೇಕಲ್ಲ." ಮನೆಗೆ ಬಂದ ಮೇಲೆ ಮಾತ್ರ ನನ್ನನ್ನು ಕೇಳಿದಳು, "ಟೀಚರ್ ಹೇಳಿದ್ ಕೇಳುಸ್ತಾ ನಿಮ್ಗೆ?"

ಎರಡು ಮಳೆಗಾಲ ಕೆಮ್ಮಿದಳು. ಕೊನೆಗೆ ಒಂದು ಬೆಳಗ್ಗೆ ಈ ಬೆಂಚಿನ ಮೇಲೆ ಗಿರಾಕಿಯ ಹಾಗೆ ಬಂದು ಕೂತಳು. "ರೀ, ಊರೋರ ಗೊರಕೆ, ನಾಯಿ ಬೊಗಳೋದು ಎಲ್ಲಾ ತೆಗೀತೀರ. ಕಟ್ಕೊಂಡೋಳ್ದು ಒಂದು ಕೆಮ್ಮು ತೆಗ್ಯಕ್ಕಾಗಕ್ಕಿಲ್ವಾ?"

"ಔಸ್ದಿ ಕುಡಿ ಅಂದ್ನಲ್ಲೇ."

"ಔಸ್ದಿ ಕುಡುದ್ರೆ ಹೊಟ್ಟೆ ಉರೀತದೆ. ನಿಮ್ ಮಿಷನ್ ಆದ್ರೆ ಏನೂ ಉರಿಯಕ್ಕಿಲ್ಲ."

ತೆಗೆದೆ. ಒಂದು ಗಂಟೆ ಕೆಮ್ಮಿಸಿ, ದಪ್ಪದ್ದು, ಸಣ್ಣದ್ದು, ಮುಂಜಾನೆಯದ್ದು, ಮೂರರ ಗುಂಪಿನದ್ದು, ಎಲ್ಲವನ್ನೂ ಪೂರ್ತಿ ತೆಗೆದೆ. ನನ್ನ ಕೆಲಸ ಅರೆಬರೆ ಇರುವುದಿಲ್ಲ. ಮನೆ ಹಗುರವಾಯಿತು. ಪಕ್ಕದ ಮನೆಯವರು ಬಂದು, "ಎಂಥಾ ಕೈಗುಣ ಕಣಪ್ಪ ನಿಂದು" ಅಂದರು. ನಾನು ಬೀದಿಯಲ್ಲಿ ಎದೆ ಉಬ್ಬಿಸಿ ಓಡಾಡಿದೆ. ಅವಳು ಆಗಾಗ ಸೆರಗು ಬಾಯಿಗೆ ಒತ್ತಿಕೊಂಡು ಭುಜ ಕುಣಿಸುತ್ತಿದ್ದಳು, ಸದ್ದು ಇಲ್ಲ. ಅಭ್ಯಾಸಬಲ ಅಂದುಕೊಂಡೆವು. ಸಣ್ಣಗಾದಳು ಅಂತ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಎದೆಗೆ ಕೊಳವೆ ಇಟ್ಟು, ಬೆನ್ನಿಗೆ ಇಟ್ಟು, ತುಂಬ ಹೊತ್ತು ಕೇಳಿ, "ಏನೂ ಕೇಳಿಸ್ತಿಲ್ವಲ್ಲ, ಎದೆ ಕ್ಲೀನಾಗಿದೆ, ಚೆನ್ನಾಗಿ ಊಟ ಮಾಡಿ ಕೆಂಪಾಜಮ್ಮ" ಅಂದರು. ಅವರ ತಪ್ಪಿಲ್ಲ. ಅವರು ಕೇಳಬೇಕಾಗಿದ್ದೆಲ್ಲ ನನ್ನ ಅಂಗಡಿಯ ಕಪಾಟಿನ ಮೂರನೆಯ ಅರೆಯಲ್ಲಿತ್ತು. ನಾನು ತೆಗೆದದ್ದು ಸದ್ದನ್ನು ಮಾತ್ರ ಅಂತ ನನಗೂ ಹೊಳೆಯಲಿಲ್ಲ, ಕೈಗುಣ ಇರುವವರಿಗೆ ಅಂಥದ್ದೆಲ್ಲ ಹೊಳೆಯುವುದಿಲ್ಲ. ಅದೇ ಆಷಾಢದ ಒಂದು ಶನಿವಾರ, ನಾಲ್ಕು ಗಂಟೆ ದಾಟಿ, ಮೇಲೆ ಆರನೆಯದು ನಡೆಯುತ್ತಿರುವಾಗಲೇ ಅವಳು ಹೋದಳು. ನಾನು ಅಂಗಡಿಯೊಳಗೆ ಸುರುಳಿ ಸುತ್ತುತ್ತಿದ್ದೆ. ನನಗೆ ಏನೂ ಕೇಳಿಸಲಿಲ್ಲ. ಇದಾಗಿ ಹನ್ನೊಂದು ವರ್ಷ.

ಮುಂದಿನ ಶನಿವಾರ ಪಿಟೀಲು ಆ ಜಾಗಕ್ಕೆ ಬಂದಾಗ ನಾನು ಸುಮ್ಮನೆ ಲೆಕ್ಕ ಹಾಕಿದೆ. ಮೂರು ಕೆಮ್ಮಿನಷ್ಟು ಹೊತ್ತು ಟೀಚರ್ ಹಾಗೇ ಬಿಟ್ಟರು. ಅದರ ಮುಂದಿನ ವಾರವೂ. ಕೆಮ್ಮು ಇಲ್ಲದ ಮೇಲೆ, ಕೆಮ್ಮುವವಳೂ ಇಲ್ಲದ ಮೇಲೆ, ಆ ಮೂರು ಕೆಮ್ಮಿನ ಜಾಗವನ್ನು ಅವರು ಒಂದು ಶನಿವಾರವೂ ಕಿತ್ತುಕೊಳ್ಳಲಿಲ್ಲ. ಕೆಮ್ಮಿನ ಸುರುಳಿ ನನ್ನ ಹತ್ತಿರ ಇದೆ. ನಾನು ಅದನ್ನು ಯಾವತ್ತೂ ಕೇಳುವುದಿಲ್ಲ. ಹಬ್ಬದ ದಿನ ಕೇಳುತ್ತೇನೆ. ಆದರೆ ಕೆಮ್ಮು ಕೇಳಿದರೆ ಅವಳ ಕಾಯಿಲೆ ಕಾಣುತ್ತದೆ, ಅಷ್ಟೇ. ಆ ಖಾಲಿ ಜಾಗದಲ್ಲಿ ಅವಳೇ ಇದ್ದಳು, ಸೆರಗು ಬಾಯಿಗೆ ಒತ್ತಿಕೊಂಡು, ತಾಳ ಕಾಯುತ್ತಾ.

ಎರಡು ವರ್ಷದ ಹಿಂದೆ ಟೀಚರ್ ಅಂಗಡಿಗೆ ಬಂದರು. ಯಾವತ್ತೂ ಬಂದವರಲ್ಲ. ಎಡಗೈ ಮೇಜಿನ ಮೇಲಿಟ್ಟರು. ನಾಲ್ಕು ಬೆರಳು ಎದ್ದವು, ಕಿರುಬೆರಳು ಏಳಲಿಲ್ಲ. "ಬೆಳಗ್ಗೆ ಇದನ್ನ ಎಬ್ಬಿಸಕ್ಕೆ ಬಿಸಿನೀರು ಬೇಕು ದ್ಯಾವಪ್ಪ. ಇನ್ನು ಮೂರು ತಿಂಗಳು ಅಂದ್ರೆ ಹೆಚ್ಚು. ಆರೂ ತೆಗೆದುಬಿಡು."

"ಅವಸರ ಯಾಕೆ ಟೀಚರ್? ಬೆರಳು ಇರೋವರ್ಗೂ ನುಡ್ಸಿ. ಮಿಷನ್ಗೆ ಕೊಟ್ರೆ ನಾಳೆಯಿಂದ್ಲೇ ನಿಮ್ಗಿರಲ್ಲ."

"ನಂಗಿರಲ್ಲ. ಕ್ಲಾರಂಗಿರುತ್ತೆ."

"ಅವ್ರಿಗೆ ಐದು ಬರುತ್ತಲ್ಲ."

"ಅದಕ್ಕೇ ಹೇಳ್ತಿರೋದು. ಮುಂದಿನ ರಜಕ್ಕೆ ಬಾ, ಅಷ್ಟ್ರಲ್ಲಿ ಆರನೇದು ಕಲ್ತಿಟ್ಟಿರ್ತೀನಿ ಅಂದಿದ್ದೆ. ನಾನು ಕಲ್ತೆ. ಅವಳ ರಜ ಬರ್ಲಿಲ್ಲ." ಆಮೇಲೆ ನಕ್ಕರು. "ಆರನೇದೇ ಮುಖ್ಯ ಕಣೋ. ಮೊದಲಿನ ಐದು ಇದ್ದೂ ಅದಿಲ್ಲ ಅಂದ್ರೆ, ಊಟಕ್ಕೆ ಕರೆದು ಎಲೆ ಹಾಸಿ ಕಳಿಸಿದ ಹಾಗಾಗುತ್ತೆ."

ಅಂಗಡಿಯ ಗೋಡೆಗಳಿಗೆ ಗೋಣಿಚೀಲ ಹೊಡೆದು, ಕಿಟಕಿಗೆ ಹಳೇ ಹಾಸಿಗೆ ಒತ್ತಿಟ್ಟೆ. ವಾರಕ್ಕೊಂದರಂತೆ, ಆಯಾ ದಿನದ್ದನ್ನು ಆಯಾ ದಿನವೇ, ನಾಲ್ಕು ಗಂಟೆಗೆ. ಮೊದಲ ವಾರ ಸೋಮವಾರದ್ದು ಹೋಯಿತು. ಮುಂದಿನ ಸೋಮವಾರ ಅವರು ಅಭ್ಯಾಸದಂತೆ ಕಿಟಕಿ ತೆರೆದು ಕಮಾನು ಎಳೆದರು. ಕೈ ಆಡಿತು, ತಂತಿ ಅಲುಗಿತು, ಗೋಡೆಗೆ ಹಲ್ಲಿ ಹರಿದಷ್ಟೂ ಸದ್ದಿಲ್ಲ. ಪೂರ್ತಿ ಇಪ್ಪತ್ತು ನಿಮಿಷ ಹಾಗೇ ನುಡಿಸಿ ಕಿಟಕಿ ಹಾಕಿದರು. ಬೀದಿಯಲ್ಲಿ ಅವತ್ತು ಯಾರಿಗೂ ಸೋಮವಾರ ಅಂತ ಗೊತ್ತಾಗದೆ ಅಕ್ಕಿ ಉದ್ದು ನೆನೆಹಾಕುವುದು ಮರೆತು, ಮರುದಿನ ಮನೆಮನೆಯಲ್ಲೂ ಉಪ್ಪಿಟ್ಟು. ಮೂರನೆಯ ವಾರ ಬುಧವಾರ ಹೋಯಿತು, ನಲ್ಲಿ ನೀರು ಹರಿದು ಚರಂಡಿಗೆ ಸೇರಿತು. ಜನ ಗೊಣಗಿದರು, ಹೊಂದಿಕೊಂಡರು, ಕ್ಯಾಲೆಂಡರು ಕೊಂಡರು. ಐದನೆಯ ವಾರ ಮುಗಿಯುವಷ್ಟರಲ್ಲಿ ಟೀಚರ ಮನೆಯಲ್ಲಿ ಉಳಿದದ್ದು ಶನಿವಾರ ಒಂದೇ. ಅವರು ಬಡವಾಗುತ್ತಿದ್ದುದು ನಮಗೆಲ್ಲ ಕಾಣುತ್ತಿತ್ತು. ಅವರಿಗೆ ಮಾತ್ರ ಸಮಾಧಾನ. "ಐದು ಮಕ್ಕಳ ಮದುವೆ ಆಯ್ತು, ಇನ್ನೊಂದು" ಅನ್ನುತ್ತಿದ್ದರು.

ಆ ಶನಿವಾರ ಅವರು ಬಿಳಿ ಸೀರೆ ಉಟ್ಟು ಬಂದರು. ಕಿರುಬೆರಳಿಗೆ ಬೆಳಗ್ಗೆಯಿಂದ ಬಿಸಿನೀರು ಕೊಟ್ಟಿದ್ದರು. ಕಣ್ಣು ಮುಚ್ಚಿ, "ಹಾಕು" ಅಂದರು. ನಾನು ಸುರುಳಿ ಏರಿಸಿದ್ದೆ. ಗುಂಡಿಯ ಮೇಲೆ ಬೆರಳಿಟ್ಟೆ. "ಹಾಕ್ದೆ ಟೀಚರ್" ಅಂದೆ.

ಒತ್ತಲಿಲ್ಲ.

ನೀವು ಹಾಗೆ ನೋಡಬೇಡಿ ಕ್ಲಾರಮ್ಮ. ಮರೆತದ್ದಲ್ಲ, ಕರೆಂಟು ಹೋದದ್ದೂ ಅಲ್ಲ. ಒತ್ತಿದರೆ ಆ ಮೂರು ಕೆಮ್ಮಿನ ಜಾಗವೂ ಸುರುಳಿಗೆ ಹೋಗುತ್ತಿತ್ತು. ಸುರುಳಿ ನಿಮ್ಮ ಊರಿಗೆ ಹೋಗುತ್ತಿತ್ತು. ಒಂದು ಸಲ ಅವಳನ್ನು ಮಿಷನ್ನಿಗೆ ಕೊಟ್ಟು ಏನಾಯಿತು ಅಂತ ನೋಡಿದ್ದೆ. ಇನ್ನೊಂದು ಸಲ ಆಗಲಿಲ್ಲ. ಬೆರಳು ಗುಂಡಿಯ ಮೇಲೇ ಇತ್ತು, ಇಪ್ಪತ್ತಾರು ನಿಮಿಷ. ಅವರು ಅವತ್ತು ನುಡಿಸಿದ ಹಾಗೆ ಯಾರೂ ಯಾವತ್ತೂ ನುಡಿಸಿರಲಾರರು. ಆ ಜಾಗ ಬಂದಾಗ ಕಮಾನು ಎತ್ತಿ, ನನ್ನ ಕಡೆ ಕಣ್ಣು ತೆರೆದು ನೋಡಿ, ಮೂರು ಕೆಮ್ಮಿನ ಹೊತ್ತು ನಿಂತರು. ಆಮೇಲೆ ಕೆಳಗಿನ ತಂತಿಗೆ ಇಳಿದರು. ಮುಗಿದ ಮೇಲೆ ಕಿರುಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು, "ಇವತ್ತು ಮಾತು ಕೇಳ್ತು ಮಗು" ಅಂದರು. ನಾನು ಖಾಲಿ ಸುರುಳಿಯ ಡಬ್ಬಿಗೆ ಚೀಟಿ ಅಂಟಿಸಿದೆ. ಆರು ಅಂತ ದುಂಡಗೆ ಬರೆದೆ.

ಮುಂದಿನ ಶನಿವಾರ ನಾಲ್ಕು ಗಂಟೆಗೆ ಕಿಟಕಿ ತೆರೆಯಿತು. ನಾನು ಬಾಗಿಲಲ್ಲೇ ಇದ್ದೆ. ಅವರು ಸದ್ದು ಬರುವುದಿಲ್ಲ ಅಂತ ತಿಳಿದು, ಉಳಿದ ಐದಕ್ಕೆ ಮಾಡಿದ ಹಾಗೆ, ಸುಮ್ಮನೆ ವಿದಾಯಕ್ಕೆ ಕಮಾನು ಎಳೆದರು. ಸದ್ದು ಬಂತು. ನಾಲ್ಕು ಗೆರೆ ಬಂದು ನಿಂತಿತು. ಬೀದಿಯ ಹೆಂಗಸರು, "ಅಯ್ಯೋ, ಇವತ್ತು ಶನಿವಾರ" ಅಂತ ಖುಷಿಪಟ್ಟರು. ಟೀಚರ್ ಪಿಟೀಲು ಹಿಡಿದುಕೊಂಡೇ ಕೆಳಗಿಳಿದು ಬಂದು ಬೀದಿ ದಾಟಿದರು. ಗೇಟು ಸದ್ದು ಮಾಡಲಿಲ್ಲ, ತಲೆ ಎತ್ತಿದರೆ ಎದುರಿಗಿದ್ದರು.

"ಮಿಷನ್ ಹಾಕಿರ್ಲಿಲ್ವಾ?"

"ಹಾಕಿದ್ದೆ ಟೀಚರ್, ಕರೆಂಟು..."

"ದ್ಯಾವಪ್ಪ."

"ಇಲ್ಲ ಟೀಚರ್. ಹಾಕಿರ್ಲಿಲ್ಲ."

ಯಾಕೆ ಅಂತ ಕೇಳಲಿಲ್ಲ. ಕೆಮ್ಮಿನ ಸುರುಳಿ ಇದ್ದ ಮೂರನೆಯ ಅರೆಯ ಕಡೆ ನೋಡಿದರು. ಅವರಿಗೆ ಎಲ್ಲ ಗೊತ್ತಿತ್ತು ಅಂತ ಕಾಣುತ್ತದೆ. "ಹೊಡೆಯೋಣ ಅಂದ್ರೆ ಕೈ ಇದೊಂದೇ ಇರೋದು" ಅಂದರು. ನಾನು ಆಗಲೇ ಸುರುಳಿ ಏರಿಸಿದೆ. ಈಗಲೇ ತೆಗೆಯುತ್ತೇನೆ, ಕೂತುಕೊಳ್ಳಿ ಅಂತ ಅಂಗಲಾಚಿದೆ. ಅವರು ಪಿಟೀಲು ಏರಿಸಿದರು, ಶುರು ಮಾಡಿದರು. ಹತ್ತುವ ಜಾಗದಲ್ಲಿ ಕಿರುಬೆರಳು ಜಾರಿತು. ಅಷ್ಟನ್ನು ಅಳಿಸಿದೆ, ಮತ್ತೆ ಶುರು ಮಾಡಿದರು, ಅಲ್ಲೇ ಜಾರಿತು. ಐದನೆಯ ಸಲ ಕಮಾನು ಇಳಿಸಿ, "ನಿಲ್ಸು. ಸೊಟ್ಟದ್ದನ್ನ ಕಳಿಸಿದ್ರೆ ಅವಳು ಅದನ್ನೇ ಕಲೀತಾಳೆ. ಖಾಲಿ ಇದ್ರೆ ಖಾಲಿ ಅಂತಾದ್ರೂ ಗೊತ್ತಾಗುತ್ತೆ" ಅಂದರು. ಅದನ್ನೂ ಅವರ ಎದುರಿಗೇ ಅಳಿಸಿದೆ. ಸುರುಳಿಯ ಬಿಸಿ ಆರುವ ಮುಂಚೆ ಅಳಿಸಿದರೆ ಮಾತ್ರ ಸದ್ದು ಮನೆಗೆ ವಾಪಸಾಗುತ್ತದೆ, ಸೊಟ್ಟದ್ದಾದರೂ.

ಅದು ಮನೆಗೆ ವಾಪಸಾಯಿತು, ಅದೇ ನನಗೆ ಶಿಕ್ಷೆ. ಪ್ರತಿ ಶನಿವಾರ ನಾಲ್ಕಕ್ಕೆ ಅವರು ಕಿಟಕಿ ತೆರೆದು ಆರನೆಯದನ್ನು ನುಡಿಸಿದರು, ನನಗೋಸ್ಕರವೇ. ಕೋಪಕ್ಕೋ ಕರುಣೆಗೋ ಇವತ್ತಿಗೂ ತಿಳಿದಿಲ್ಲ. ವಾರ ವಾರ ಒಂದೊಂದು ಇಟ್ಟಿಗೆ ಬಿದ್ದ ಹಾಗೆ ಅದು ಕುಸಿಯುತ್ತಾ ಬಂತು. ಮೊದಲು ಹತ್ತುವುದು ಹೋಯಿತು. ಆಮೇಲೆ ಕೊನೆ. ಉಂಗುರ ಬೆರಳೂ ಮಲಗಿದ ಮೇಲೆ ಮೊದಲು ಯಾವುದು ನಡು ಯಾವುದು ತಿಳಿಯುತ್ತಿರಲಿಲ್ಲ. ಬೀದಿಯವರು, "ದ್ಯಾವಪ್ಪ, ಹೋಗಿ ತೆಗ್ದುಬಿಡೋ, ಕೇಳಕ್ಕಾಗ್ತಿಲ್ಲ" ಅಂದರು. ಕೊನೆಯ ತಿಂಗಳು ಅವರು ಪಿಟೀಲನ್ನು ಗದ್ದಕ್ಕೆ ಇಟ್ಟು, ಕಮಾನು ಮೇಲೆತ್ತಿ, ಬರೀ ಆ ಖಾಲಿ ಜಾಗವನ್ನು ನುಡಿಸಿ ಕಿಟಕಿ ಹಾಕುತ್ತಿದ್ದರು. ಅದೊಂದು ಮಾತ್ರ ಕೊನೆಯವರೆಗೂ ಅಪಶ್ರುತಿಯಾಗಲಿಲ್ಲ.

ಹೋದ ತಿಂಗಳು ಅವರು ತೀರಿಕೊಂಡರು, ಅದೂ ನಿಂತಿತು. ಈಗ ಆರನೆಯದು ಅವರಲ್ಲೂ ಇಲ್ಲ, ಸುರುಳಿಯಲ್ಲೂ ಇಲ್ಲ. ಕಾಗದದ ಮೇಲೆ ಇದೆಯಂತೆ, ಯಾರು ಬೇಕಾದರೂ ಕಲಿಯಬಹುದಂತೆ. ಆದರೆ ಮೂರು ಕೆಮ್ಮು ಕಾಯಬೇಕು ಅಂತ ಕಾಗದದಲ್ಲಿ ಎಲ್ಲಿ ಬರೆದಿರುತ್ತದೆ? ಅದು ನಿಮಗೆ ಸೇರಬೇಕಾದದ್ದು. ನಾನು ಇಟ್ಟುಕೊಂಡೆ, ಉಳಿಸಿಕೊಳ್ಳಲಿಲ್ಲ.

ಎದ್ದಿರಾ? ಬೈಯಿರಿ ಬೇಕಾದರೆ, ಆದರೆ ಫೋನು ತೆಗೆಯಬೇಡಿ, ನಾನಿನ್ನೂ ಮುಗಿಯಿತು ಅಂದಿಲ್ಲ. ಇದೆಲ್ಲ ಬೀದಿಗೆ ಅಷ್ಟಿಷ್ಟು ಗೊತ್ತಿರುವುದೇ. ಇದನ್ನು ತೆಗೆಸಲು ನಿಮ್ಮನ್ನು ಕರೆದದ್ದಲ್ಲ, ನನ್ನನ್ನು ತಿನ್ನುತ್ತಿರುವುದು ಕೊನೆಯ ಒಂದು ಮಾತು. ಬೋರಮ್ಮನ ಅಳು ನೆನಪಿಟ್ಟುಕೊಳ್ಳಿ ತಾಯಿ, ಅರ್ಧ ತೆಗೆದು ಹೋಗಬೇಡಿ. ಸರಿ, ನಡೆಯುತ್ತಲೇ ಕೇಳಿ, ಫೋನು ಈ ಕಡೆ ಹಿಡಿದುಕೊಳ್ಳಿ, ನೀವು ಗೇಟು ಮುಟ್ಟುವಷ್ಟರಲ್ಲಿ ಹೇಳಿಬಿಡುತ್ತೇನೆ. ಕೆಂಪಾಜಿ ಹೋದ ದಿನ ನನಗೇನೂ ಕೇಳಿಸಲಿಲ್ಲ ಅಂದೆನಲ್ಲ, ಅದು ನಿಜ. ಕಾಣಿಸಲಿಲ್ಲ ಅಂತ ನಾನು ಹೇಳಲಿಲ್ಲ. ಬಾಗಿಲಿನಿಂದ ಕಾಣುತ್ತಿದ್ದಳು. ಭುಜ ಕುಣಿಯುತ್ತಿತ್ತು. ನನ್ನ ಕಡೆ ಕೈ ಚಾಚಿದಳು. ಮೇಲೆ ಪಿಟೀಲು ಹತ್ತುತ್ತಿತ್ತು, ನಾನು ಬೆರಳೆತ್ತಿ, ಇರು, ಆ ಜಾಗ ಬರಲಿ ಅಂತ ಸನ್ನೆ ಮಾಡಿದೆ. ಅವಳು ಸರಿ ಅಂತ ತಲೆ ಆಡಿಸಿ ಕಾದಳು, ಕ್ಲಾರಮ್ಮ, ಗೇಟು ಹಾಕಬೇಡಿ, ಆ ಜಾಗ ಬಂತು, ಕಮಾನು ಎದ್ದಿತು, ಆಗ ಅವಳು